ಸಾಕುವವರೂ ಕಲಿಯಬೇಕು
ಫಾಸ್ಟರ್ ಮನೆಯ (ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಸ್ವಲ್ಪ ಕಾಲ ಸಾಕುವ ಮನೆ) ಮಗು ಹಟ ಮಾಡಿದರೆ, ಹೊಡೆದರೆ ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ ಕಳಿಸಿದರೆ ಸಾಕು ಅನ್ನುವ ನಿಮ್ಮ ಲೇಖನದ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಪುಟ್ಟ ಮಕ್ಕಳ ವಿಷಯದಲ್ಲಂತೂ ಸಾಕುವವರೂ ಕಲಿಯಬೇಕು. ಮನಶ್ಶಾಸ್ತ್ರಜ್ಞೆ ಮೇರಿ ಡೋಜಿಯರ್ ರೂಪಿಸಿದ, ಮಗುವಿಗೆ ಸ್ಪಂದಿಸುವುದನ್ನು ಸಾಕುವವರಿಗೆ ಕಲಿಸುವ ಎಬಿಸಿ ಪದ್ಧತಿಯಲ್ಲಿ ತರಬೇತಿ ಕೊಡುವವರು ಮನೆಗೇ ಬರುತ್ತಾರೆ, ಒಟ್ಟು 10 ಸಲ. ಮಗು ಬಿದ್ದು ಪೆಟ್ಟಾದರೂ ಅಳದೆ ಮುಖ ತಿರುಗಿಸಿಕೊಂಡು ಹೋಯಿತು ಅಂದುಕೊಳ್ಳಿ. ‘ಇದಕ್ಕೆ ನಾನು ಬೇಡ’ ಅಂತ ಸುಮ್ನೆ ಕೂರಬಾರದು. ಹತ್ತಿರ ಹೋಗಿ ಸಮಾಧಾನ ಮಾಡಬೇಕು. ಹಾಗೆ ಮಾಡಿದಾಗ ತರಬೇತಿ ಕೊಡುವವರು ಅದನ್ನು ಅಲ್ಲೇ, ಆಗಲೇ ಗುರುತಿಸಿ ಹೇಳುತ್ತಾರೆ. ಅತ್ತಾಗ ಯಾರೂ ಬಾರದಿದ್ದರೆ ಮಗು ಸಮಾಧಾನ ಬೇಕೆಂದು ಕೇಳುವುದನ್ನೇ ಬಿಟ್ಟುಬಿಡಬಹುದು ಅಲ್ವಾ? ಸ್ವಲ್ಪ ದೊಡ್ಡ ಮಕ್ಕಳಿಗೆ ಆಘಾತದ ನೆನಪುಗಳನ್ನು ನಿಧಾನವಾಗಿ ಎದುರಿಸಲು ಕಲಿಸುವ ಟಿಎಫ್-ಸಿಬಿಟಿ ಅನ್ನುವ ಮಾನಸಿಕ ಚಿಕಿತ್ಸೆ ಇದೆ. ಅದರಲ್ಲೂ ಸಾಕುವವರಿಗೆ ಪಾಲಿದೆ. ಮೇಲಿಂದ ಮೇಲೆ ಮನೆ ಬದಲಾಯಿಸುತ್ತಿದ್ದರೆ ಮಾತ್ರ ಇದೆಲ್ಲ ತುಂಬಾ ಕಷ್ಟ. ದಯವಿಟ್ಟು ಅದರ ಬಗ್ಗೆಯೂ ಬರೆಯಿರಿ.