ಸಂಗೀತ ನಿರ್ದೇಶಕಿಯರಿಗೆ ಬೇರೆಯದೇ ಸಂಜೆ ಬೇಕೆ?

ಹೆಣ್ಣುಮಕ್ಕಳು ರಾಗ ಹಾಕಿದ ಸಿನಿಮಾ, ಧಾರಾವಾಹಿ ಹಾಡುಗಳನ್ನಷ್ಟೇ ಹಾಡಿಸುವ ಒಂದು ಸಂಜೆಯನ್ನು ಹಾಸನದಲ್ಲಿ ನಡೆಸಬೇಕು, ಹೊಸ ಸಂಯೋಜಕಿಯರನ್ನು ಅಲ್ಲೇ ಗೌರವಿಸಬೇಕು ಎಂಬ ಮಾತು ಊರಿನ ಸಂಗೀತಪ್ರಿಯರ ನಡುವೆ ಎದ್ದಿದೆ. ಬೇಕು ಎನ್ನುವವರು ಹಾಸನದ ಸಂಗೀತ ಶಿಕ್ಷಕಿ. ಬೇಡ ಎನ್ನುವವರು ಚಿಕ್ಕಮಗಳೂರಿನವರು, ಈಗ ಬೆಂಗಳೂರಿನಲ್ಲಿದ್ದು ಧಾರಾವಾಹಿಗಳಿಗೆ ಹಿನ್ನೆಲೆ ಸಂಗೀತ ಮಾಡುವವರು.

ಪರ: ಹೆಸರೇ ಕೇಳದವರನ್ನು ಕೆಲಸಕ್ಕೆ ಯಾರು ಕರೆಯುತ್ತಾರೆ?

ಆಗಸ್ಟ್ 15 ಬಂತೆಂದರೆ ನಮ್ಮೂರಿನ ಯಾವುದಾದರೂ ಶಾಲೆಯ ಮೈಕಿನಲ್ಲಿ ‘ಛೋಡೋ ಕಲ್ ಕೀ ಬಾತೇಂ’ ಕೇಳಿಯೇ ಕೇಳುತ್ತದೆ. ಹಾಡಿದವರು ಮುಖೇಶ್ ಅಂತ ಹಿಂದಿ ಮೇಷ್ಟ್ರಿಗೆ ಗೊತ್ತು. ರಾಗ ಹಾಕಿದವರು ಯಾರು ಅಂತ ಕೇಳಿ ನೋಡಿ. ಶಂಕರ್-ಜೈಕಿಶನ್ ಇರಬೇಕು ಅನ್ನುತ್ತಾರೆ, ನೌಷಾದ್ ಅನ್ನುತ್ತಾರೆ. ಅದು ಉಷಾ ಖನ್ನಾ ಅವರ ಹಾಡು, 1960ರದ್ದು. ಅದರ ಹಿಂದಿನ ವರ್ಷ ಮೊದಲ ಚಿತ್ರಕ್ಕೆ ಸಂಗೀತ ಕೊಟ್ಟಾಗ ಆಕೆಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಆದರೆ ಗೊತ್ತಿಲ್ಲದ ಜಾಗದಲ್ಲಿ ನಮ್ಮ ಬಾಯಿಗೆ ತಾನಾಗಿ ಬರುವುದು ಗಂಡಸಿನ ಹೆಸರೇ ಯಾಕೆ ಅನ್ನುವುದು ನನ್ನ ಪ್ರಶ್ನೆ.

ಈ ಚಾಳಿ ಹಳೆಯದು. 1930ರ ದಶಕದಲ್ಲಿ ಬಾಂಬೆ ಟಾಕೀಸ್ ಎಂಬ ಚಿತ್ರಸಂಸ್ಥೆಯ ಚಿತ್ರಗಳಿಗೆ ಸಂಗೀತ ಕೊಟ್ಟ ಸರಸ್ವತಿ ದೇವಿಯವರ ಹುಟ್ಟುಹೆಸರು ಖುರ್ಷಿದ್ ಮಿನೋಚೆರ್ ಹೋಮ್ಜಿ. ಪಾರ್ಸಿ ಮನೆಯವರು, ಹಿಂದುಸ್ತಾನಿ ಸಂಗೀತದ ಪಂಡಿತ ಭಾತಖಂಡೆಯವರ ಬಳಿ ಕಲಿತವರು. ನಮ್ಮ ಜನದ ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗುವುದೇ ಎಂದು ಪಾರ್ಸಿ ಸಮಾಜದಲ್ಲಿ ದೊಡ್ಡ ಗದ್ದಲವಾಯಿತು. ಅಕ್ಕತಂಗಿಯರಿಬ್ಬರೂ ಹೆಸರು ಬದಲಿಸಿಕೊಂಡೇ ಕೆಲಸ ಮಾಡಬೇಕಾಯಿತು. ಖುರ್ಷಿದ್ ಸರಸ್ವತಿ ದೇವಿಯಾದರು, ಮಾಣೆಕ್ ಚಂದ್ರಪ್ರಭಾ ಆದರು. 1936ರ ‘ಅಛೂತ್ ಕನ್ಯಾ’ದಲ್ಲಿ ಹಾಡಬೇಕಾಗಿದ್ದವರು ಅಶೋಕ್ ಕುಮಾರ್ ಮತ್ತು ದೇವಿಕಾ ರಾಣಿ. ಇಬ್ಬರೂ ಪಳಗಿದ ಗಾಯಕರಲ್ಲ. ಅಂಥವರ ಕಂಠದಲ್ಲಿ ನಿಲ್ಲುವ ಹಾಗೆ, ಸ್ವರಗಳನ್ನು ಬಳುಕಿಸುವ ಗಮಕಗಳನ್ನೆಲ್ಲ ಬದಿಗಿಟ್ಟು, ಮಗು ಕೂಡ ಗುನುಗಬಹುದಾದ ಮಟ್ಟು ಹಾಕುವುದು ಎಷ್ಟು ಕಷ್ಟ ಅಂತ ಪಾಠ ಹೇಳಿಕೊಡುವ ನನಗೆ ಗೊತ್ತು. ಬಾಂಬೆ ಟಾಕೀಸ್ ಅಂದರೆ ಆ ಇಬ್ಬರು ನಟರ ಮುಖ ಎಲ್ಲರಿಗೂ ನೆನಪಾಗುತ್ತದೆ. ಮಟ್ಟು ಹಾಕಿದಾಕೆ ನೆನಪಾಗುವುದಿಲ್ಲ.

ಲತಾ ಮಂಗೇಶ್ಕರ್ ಅಂಥವರೇ ಮರಾಠಿ ಚಿತ್ರಗಳಿಗೆ ಸಂಗೀತ ಕೊಡುವಾಗ ‘ಆನಂದಘನ್’ ಎಂಬ ಹೆಸರಿನ ಹಿಂದೆ ನಿಂತರು. ಬ್ರಿಟನ್ನಿನಲ್ಲಿ 1963ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿ ಶುರುವಾದಾಗ ರಾನ್ ಗ್ರೇನರ್ ಬರೆದುಕೊಟ್ಟ ಸ್ವರಗಳನ್ನು ಟೇಪಿನ ತುಂಡು ತುಂಡು ಕತ್ತರಿಸಿ, ಅಂಟಿಸಿ, ಆವರೆಗೆ ಯಾರೂ ಕೇಳದಿದ್ದ ಶೀರ್ಷಿಕೆ ಸಂಗೀತ ಮಾಡಿದವರು ಡೀಲಿಯಾ ಡರ್ಬಿಶೈರ್. ಗ್ರೇನರ್ ತಮ್ಮ ಜೊತೆ ಆಕೆಯ ಹೆಸರೂ ಬರಲಿ ಎಂದರು, ಬಿಬಿಸಿಯ ನಿಯಮ ಒಪ್ಪಲಿಲ್ಲ. ತೆರೆಯ ಮೇಲೆ ಆಕೆಯ ಹೆಸರು ಬಂದದ್ದು 2013ರಲ್ಲಿ, ಧಾರಾವಾಹಿಗೆ ಐವತ್ತು ತುಂಬಿದಾಗ. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದರು.

ದೂರದ ಕಥೆ ಸಾಕು, ನಮ್ಮ ಜಿಲ್ಲೆಗೇ ಬರೋಣ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಕಾವೇರಿ ದಡದ ಆ ಹಳ್ಳಿಯಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿದ್ದಾರೆ. ಊರಿನ ಹೆಸರನ್ನು ಹೊರಗೆ ಕೊಂಡೊಯ್ದ ವಿದ್ವಾಂಸರ ಪಟ್ಟಿ ಹೇಳಿ ಅಂದರೆ ಆರ್.ಕೆ. ಶ್ರೀಕಂಠನ್ ಅವರಿಂದ ಶುರುಮಾಡಿ ಸರಸರನೆ ಹೇಳುತ್ತಾರೆ, ಎಲ್ಲ ಗಂಡಸರೇ. ಶ್ರೀಕಂಠನ್ ಅವರ ಮಗಳು ರತ್ನಮಾಲಾ ಪ್ರಕಾಶ್ ಅವರ ದನಿಯಲ್ಲಿ ಭಾವಗೀತೆ ಕೇಳದ ಕನ್ನಡದ ಮನೆ ಕಡಿಮೆ. ಆದರೆ ಸುಗಮ ಸಂಗೀತದ ಸಂಯೋಜಕರು ಯಾರು ಅಂದರೆ ಮತ್ತೆ ಕಾಳಿಂಗರಾವ್, ಅನಂತಸ್ವಾಮಿ, ಅಶ್ವತ್ಥ್. ಅವರೆಲ್ಲ ದೊಡ್ಡವರೇ, ಎರಡು ಮಾತಿಲ್ಲ. ಹಾಡುವ ಕೆಲಸ ಹೆಣ್ಣಿಗೆ, ರಾಗ ಹಾಕುವ ಕೆಲಸ ಗಂಡಿಗೆ ಅನ್ನುವ ಪಾಲು ಮಾತ್ರ ಯಾರೂ ಬರೆಯದೆ ತಾನೇ ಆಗಿಹೋಗಿದೆ. ಸೋಜಿಗ ಏನೆಂದರೆ, ನಮ್ಮ ಕಡೆ ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಅಜ್ಜಿಯರು ಬೀಗರ ಹೆಸರು ಸೇರಿಸಿ, ಸಾಲು ಉದ್ದವಾದರೆ ಮಟ್ಟನ್ನೇ ಅಲ್ಲೇ ತಿರುಗಿಸಿ ಹಾಡುತ್ತಾರೆ. ಅದು ಸಂಯೋಜನೆ ಅಲ್ಲದೆ ಇನ್ನೇನು? (ಇಂಥ ಮಾತು ಬಂದಾಗ ಬೇಲೂರಿನ ಶಾಂತಲೆಯನ್ನು ಎಳೆದು ತರುವವರಿದ್ದಾರೆ. ಪಾಪ, ಆಕೆಯನ್ನು ಬಿಟ್ಟುಬಿಡೋಣ.)

ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗಿ ಗೆಳೆಯರ ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡಿದ್ದಾಳೆ. ಲ್ಯಾಪ್‌ಟಾಪು, ಪುಟ್ಟ ಕೀಬೋರ್ಡು, ಕಿವಿಗೊಂದು ಹೆಡ್‌ಫೋನು, ಅಷ್ಟೇ ಬಂಡವಾಳ. ಅವಳ ತಾಯಿ ನನ್ನೆದುರೇ ಅಂದರು: “ಹಾಡೋದಾದ್ರೆ ಹಾಡ್ಲಿ ಬಿಡಿ ಮಿಸ್, ದೇವರನಾಮ, ಭಾವಗೀತೆ ಎಲ್ಲ ಹಾಡ್ಲಿ. ಈ ರಾತ್ರಿಯೆಲ್ಲಾ ಕೂತು ಮಿಷನ್ ತಿರುಗ್ಸೋ ಕೆಲ್ಸ ಹೆಣ್ ಹುಡುಗೀಗ್ ಯಾಕೆ?” ಆ ತಾಯಿ ಕೆಟ್ಟವರಲ್ಲ. ರಾಗ ಹಾಕಿ ಬದುಕಿದ ಒಬ್ಬ ಹೆಂಗಸನ್ನೂ ಅವರು ನೋಡಿಲ್ಲ, ಹೆಸರೂ ಕೇಳಿಲ್ಲ. ಹಾಡುಗಾರ್ತಿಯರನ್ನಾದರೆ ಟೀವಿಯಲ್ಲಿ ದಿನಾ ನೋಡುತ್ತಾರೆ.

ಅದಕ್ಕೇ ಈ ಸಂಜೆ ಬೇಕು. ನಮ್ಮ ರಸಮಂಜರಿಗಳಲ್ಲಿ ನಿರೂಪಕರು ಮೊದಲು ನಾಯಕನಟನ ಹೆಸರು ಹೇಳುತ್ತಾರೆ, ಚಪ್ಪಾಳೆ ಬಿದ್ದ ಮೇಲೆ ಗಾಯಕರದ್ದು. ಸಂಗೀತ ನಿರ್ದೇಶಕರು ಹಂಸಲೇಖ ಆಗಿದ್ದರೆ ಅವರದ್ದೂ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಆ ಸಂಜೆ ಮಾತ್ರ ಪ್ರತಿ ಹಾಡಿಗೂ ಮೊದಲು ರಾಗ ಹಾಕಿದವಳ ಹೆಸರು ಹೇಳಲಿ. ಉಷಾ ಖನ್ನಾ ಆಗಲಿ, ತಮಿಳಿನ ಭವತಾರಿಣಿ ಆಗಲಿ, ನಮ್ಮ ಕನ್ನಡದ ಜಯಶ್ರೀ ಅರವಿಂದ್ ಆಗಲಿ. ಕೊನೆಗೆ ನನ್ನ ಶಿಷ್ಯೆಯಂಥವಳ ಒಂದು ಮಟ್ಟು. ಮುಂದಿನ ಸಾಲಿನಲ್ಲಿ ಅವಳ ತಾಯಿಯನ್ನು ಕೂರಿಸುವ ಜವಾಬ್ದಾರಿ ನನ್ನದು.

ವಿರೋಧ: ಶಾಲು ಬೇಡ, ಅಡ್ವಾನ್ಸ್ ಕಳಿಸಿ

ಮೇಲಿನ ಬರಹದ ಇತಿಹಾಸದ ಭಾಗಕ್ಕೆ ನನ್ನ ತಕರಾರಿಲ್ಲ. ಸಂಜೆಯ ಬಗ್ಗೆ ಇದೆ.

ನನ್ನ ಕೆಲಸ ಹೇಗಿರುತ್ತದೆ ಅಂತ ಹೇಳಿದರೆ ಯಾಕೆ ಅನ್ನುವುದು ತಿಳಿದೀತು. ನಾಳೆ ಪ್ರಸಾರವಾಗುವ ಕಂತು ಎಡಿಟಿಂಗ್ ಮುಗಿಸಿ ನನ್ನ ಕೈಗೆ ಬರುವಾಗ ರಾತ್ರಿ ಊಟದ ಹೊತ್ತು ದಾಟಿರುತ್ತದೆ. ಕಂಪ್ಯೂಟರಿನಲ್ಲಿ ‘ಸೆಂಟಿಮೆಂಟ್’, ‘ಟೆನ್ಷನ್’, ‘ಕಾಮಿಡಿ’, ‘ವಿಲನ್ ಎಂಟ್ರಿ’ ಅಂತ ಫೋಲ್ಡರುಗಳು. ಎಲ್ಲ ನಾನೇ ಮಾಡಿಟ್ಟ ತುಣುಕುಗಳು. ಅತ್ತೆ ಬಾಗಿಲಲ್ಲಿ ನಿಂತು ತಿರುಗಿ ನೋಡುವಾಗ ಎಲ್ಲಿ ಏರಬೇಕು, ಸೊಸೆಯ ಕಣ್ಣೀರಿಗೆ ಕೊಳಲೋ ವಯಲಿನ್ನೋ, ಸುಮ್ಮನೆ ಬಿಡಬೇಕಾದ್ದು ಎಲ್ಲಿ, ಇದನ್ನೆಲ್ಲ ಕೂರಿಸುವಷ್ಟರಲ್ಲಿ ಬೆಳಗಿನ ಹಾಲಿನವನು ಬಂದಿರುತ್ತಾನೆ. ಎಪಿಸೋಡ್ ಮ್ಯಾನೇಜರ್ ಕೇಳುವುದು ಒಂದೇ: “ಫೈಲ್ ಬಂತಾ ಮೇಡಂ?” ಆ ಹೊತ್ತಿನಲ್ಲಿ ನಾನು ಹೆಣ್ಣು ಅನ್ನುವುದು ಯಾರಿಗೂ ಬೇಕಿಲ್ಲ. ಅದು ನೆನಪಾಗುವುದು ಮಾರ್ಚ್ ತಿಂಗಳಲ್ಲಿ. ಆಗ ವೇದಿಕೆಗೆ ಕರೆಯುತ್ತಾರೆ, ಶಾಲು, ಹಾರ, ಹಣ್ಣಿನ ಬುಟ್ಟಿ. ಏಪ್ರಿಲ್‌ನಿಂದ ಫೋನು ತಣ್ಣಗೆ. ಒಮ್ಮೆ ಒಬ್ಬ ನಿರ್ಮಾಪಕರಿಗೆ ನನ್ನ ಡೆಮೊ ಕಳಿಸಿದೆ. ತುಂಬ ಚೆನ್ನಾಗಿದೆ ಅಂದರು. “ಮುಂದೆ ಲೇಡೀಸ್ ಸಬ್ಜೆಕ್ಟ್ ಮಾಡಿದ್ರೆ ಖಂಡಿತ ಕರೀತೀನಿ” ಅಂದರು. ಅವರು ಆಗ ಮಾಡುತ್ತಿದ್ದದ್ದು ರೌಡಿಸಂ ಚಿತ್ರ.

ನನ್ನ ಭಯ ಇದೇ. ಪ್ರತ್ಯೇಕ ಸಂಜೆ ಅಂದರೆ ಪ್ರತ್ಯೇಕ ಪಂಕ್ತಿ. ಹೆಂಗಸರ ಕಥೆಗೆ, ಜೋಗುಳಕ್ಕೆ, ಮಹಿಳಾ ದಿನಾಚರಣೆಗೆ ನಮ್ಮನ್ನು ಬಡಿಸಿ, ಮುಖ್ಯ ಊಟ ಮತ್ತೊಂದು ಕಡೆ ನಡೆಯುತ್ತದೆ.

ಸ್ನೇಹಾ ಖಾನ್ವಲ್ಕರ್ 2012ರಲ್ಲಿ ಸಂಗೀತ ಕೊಟ್ಟದ್ದು ‘ಗ್ಯಾಂಗ್ಸ್ ಆಫ್ ವಾಸೇಪುರ್’ಗೆ. ಬಂದೂಕು, ಕಲ್ಲಿದ್ದಲು, ಕೊಲೆಗಳ ಕಥೆ. ಅದಕ್ಕಾಗಿ ಬಿಹಾರದ ಊರುಗಳನ್ನು ಸುತ್ತಿ, ಟ್ರಿನಿಡಾಡ್‌ವರೆಗೂ ಹೋಗಿ ದನಿಗಳನ್ನು ಹಿಡಿದು ತಂದರು. ಐಸ್‌ಲ್ಯಾಂಡಿನ ಹಿಲ್ಡರ್ ಗುಡ್ನಡೋಟಿರ್ ಹಾಲಿವುಡ್ಡಿನ ‘ಜೋಕರ್’ ಚಿತ್ರಕ್ಕೆ ಮಾಡಿದ್ದು ಇನ್ನೂ ಸ್ವಾರಸ್ಯ. ಚಿತ್ರೀಕರಣಕ್ಕೆ ಮೊದಲೇ, ಬರೀ ಚಿತ್ರಕಥೆ ಓದಿ ಸಂಗೀತ ಬರೆದು ಕಳಿಸಿದರು. ನಿರ್ದೇಶಕ ಅದನ್ನು ಸೆಟ್‌ನಲ್ಲೇ ಹಾಕಿದರು. ಶೌಚಾಲಯದೊಳಗೆ ನಾಯಕ ಮೈಮರೆತು ಕುಣಿಯುವ ದೃಶ್ಯ ಹುಟ್ಟಿದ್ದು ಆ ಸಂಗೀತದ ಚೆಲ್ಲೋ (ವಯಲಿನ್ ಜಾತಿಯ ದೊಡ್ಡ ವಾದ್ಯ) ಕೇಳುತ್ತಲೇ. ಇವರಿಬ್ಬರಿಗೂ ಆ ಚಿತ್ರ ಸಿಕ್ಕಿದ್ದು ಒಬ್ಬ ನಿರ್ದೇಶಕ ನಂಬಿ ಒಪ್ಪಿಸಿದ್ದರಿಂದ.

ಪ್ರಶಸ್ತಿ, ಸಂಭ್ರಮಗಳಿಂದ ಬಾಗಿಲು ತೆರೆಯುತ್ತದೆ ಅನ್ನುವವರು ಆಸ್ಕರ್ ಲೆಕ್ಕ ನೋಡಲಿ. ಚಿತ್ರದ ಹಿನ್ನೆಲೆ ಸಂಗೀತಕ್ಕೆ 1997ರಲ್ಲಿ ರೇಚಲ್ ಪೋರ್ಟ್‌ಮನ್ ಗೆದ್ದರು, ಅದನ್ನು ಗೆದ್ದ ಮೊದಲ ಸಂಯೋಜಕಿ. ಮರುವರ್ಷ ಆನ್ ಡಡ್ಲಿ. ಇನ್ನೇನು ಕಾಲ ಬದಲಾಯಿತು ಅನ್ನಿಸುವಂತಿತ್ತು. ಆಗ ಸಂಗೀತಪ್ರಧಾನ ಮತ್ತು ಹಾಸ್ಯಚಿತ್ರಗಳಿಗೆ ಬೇರೆ ವಿಭಾಗ, ಗಂಭೀರ ಚಿತ್ರಗಳಿಗೆ ಬೇರೆ ವಿಭಾಗ ಇತ್ತು, ಇಬ್ಬರೂ ಗೆದ್ದದ್ದು ಮೊದಲನೆಯದರಲ್ಲಿ. ಆಮೇಲೆ ಎರಡನ್ನೂ ಒಂದು ಮಾಡಿದರು. ಮತ್ತೊಬ್ಬ ಹೆಣ್ಣುಮಗಳು ಆ ವೇದಿಕೆ ಹತ್ತಿದ್ದು 2020ರಲ್ಲಿ, ಹಿಲ್ಡರ್. ನಡುವೆ ಇಪ್ಪತ್ತೆರಡು ವರ್ಷ!

ನಮ್ಮ ದಕ್ಷಿಣದಲ್ಲಿ ಹೆಸರು ಮಾಡಿದವರನ್ನೂ ನೋಡಿ. ಭವತಾರಿಣಿ ಇಳಯರಾಜಾ ಅವರ ಮಗಳು. ತೆಲುಗಿನ ಶ್ರೀಲೇಖಾ ಸಂಗೀತ ನಿರ್ದೇಶಕ ಕೀರವಾಣಿಯವರ ಸೋದರಸಂಬಂಧಿ. ಇಬ್ಬರಲ್ಲೂ ಪ್ರತಿಭೆ ಇತ್ತು, ಜೊತೆಗೆ ಮನೆಯೊಳಗೇ ಸ್ಟುಡಿಯೋದ ವಾತಾವರಣ ಇತ್ತು. ರಾತ್ರಿ ಎರಡು ಗಂಟೆಯವರೆಗೆ ರೀ-ರೆಕಾರ್ಡಿಂಗ್, ಅಂದರೆ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂರಿಸುವ ಕೆಲಸ, ನೋಡಿ ಕಲಿಯಲು ಯಾರ ಅನುಮತಿಯೂ ಬೇಕಿರಲಿಲ್ಲ. ಗಂಡುಹುಡುಗರು ಇದೇ ವಿದ್ಯೆಯನ್ನು ಸಂಗೀತ ನಿರ್ದೇಶಕರ ಬಳಿ ಕೀಬೋರ್ಡ್ ಹೊತ್ತುಕೊಂಡು, ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುವ ಪ್ರೋಗ್ರಾಮಿಂಗ್ ಮಾಡಿಕೊಂಡು, ಸ್ಟುಡಿಯೋ ಸೋಫಾದಲ್ಲೇ ಮಲಗೆದ್ದು ಕಲಿಯುತ್ತಾರೆ. ಹಾಸನದಿಂದ ಬಂದ ಹುಡುಗಿ ಪೀಜಿ ಗೇಟು ಹಾಕುವ ಮುಂಚೆ ವಾಪಸ್ ಹೋಗಬೇಕು. ಕಲಿಯುವ ಆ ಜಾಗ ಅವಳಿಗೆ ಸಿಗುವಂತೆ ಏನಾದರೂ ಮಾಡುವುದಿದ್ದರೆ ನಾನೂ ಚಂದಾ ಕೊಡುತ್ತೇನೆ.

ಇನ್ನೊಂದು, ಯಾರೂ ಮಾತಾಡದ ವಿಷಯ, ದುಡ್ಡಿನದು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದರು. ಸಿನಿಮಾಕ್ಕೆ ಮಾಡಿದ ಸಂಗೀತ ಚಿತ್ರಮಂದಿರದ ಆಚೆ, ಟೀವಿಯಲ್ಲೋ ಬೇರೆಲ್ಲೋ ಬಳಕೆಯಾದರೆ ಬರುವ ರಾಯಧನದಲ್ಲಿ ಸಂಯೋಜಕರಿಗೆ ಪಾಲಿದೆ. ವಾರಸುದಾರರು, ಕಾಪಿರೈಟ್ ಸೊಸೈಟಿ ಬಿಟ್ಟರೆ ಆ ಪಾಲನ್ನು ಬೇರೆ ಯಾರೂ ಬರೆಸಿಕೊಳ್ಳುವಂತಿಲ್ಲ. ಆದರೂ ಕರಾರು ಪತ್ರದಲ್ಲಿ ‘ಸಮಸ್ತ ಹಕ್ಕುಗಳೂ’ ಅನ್ನುವ ಸಾಲು ಬಂದೇ ಬರುತ್ತದೆ. ಹೊಸಬರು ಓದದೆ ಸಹಿ ಹಾಕುತ್ತಾರೆ. ಯಾವ ದೃಶ್ಯದಲ್ಲಿ ಯಾರ ಸಂಗೀತ ಎಷ್ಟು ಸೆಕೆಂಡು ಬಂತು ಎಂದು ದಾಖಲಿಸುವ ಕ್ಯೂ ಶೀಟ್ ಇಲ್ಲದಿದ್ದರೆ ಆ ರಾಯಧನ ಕೇಳಲಿಕ್ಕೂ ಆಧಾರವಿಲ್ಲ. ಶೀಟ್ ಕೊಡಿ ಅಂತ ಎರಡು ಸಲ ಕೇಳಿದರೆ ನಾವು ಜಗಳಗಂಟಿಯರು. ಸನ್ಮಾನ ಮಾಡುವವರು ಒಂದು ಅರ್ಧ ದಿನ ಇದನ್ನು ಹೇಳಿಕೊಡಲು ವಕೀಲರನ್ನು ಕರೆಸಲಿ.

ನಿರೂಪಕರು ಸಂಯೋಜಕರ ಹೆಸರು ಮೊದಲು ಹೇಳಬೇಕು ಅನ್ನುವ ಮಾತು ನನಗೂ ಹಿಡಿಸಿತು. ಅದನ್ನು ಒಂದು ಸಂಜೆಗೆ ಯಾಕೆ ಕಟ್ಟಿಹಾಕಬೇಕು? ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಿಂದ ಹಿಡಿದು ಕಾಲೇಜು ವಾರ್ಷಿಕೋತ್ಸವದವರೆಗೆ ಎಲ್ಲ ಕಡೆ, ಎಲ್ಲ ಹಾಡಿಗೂ, ಹೆಣ್ಣಾಗಲಿ ಗಂಡಾಗಲಿ ಹೇಳಲಿ.

ಆ ಸಂಜೆಗೆಂದು ಎತ್ತುವ ಹಣದ ವಿಷಯ. ಕಲಾಕ್ಷೇತ್ರದ ಬಾಡಿಗೆ, ಸೌಂಡು, ಲೈಟು, ಹೂವು, ಅತಿಥಿಗಳ ಕಾರು ಎಲ್ಲ ಸೇರಿದರೆ ಒಂದು ಕಿರುಚಿತ್ರದ ಸಂಗೀತಕ್ಕೆ ಸಾಕಾಗುತ್ತದೆ. ಅದನ್ನು ಆ ಶಿಷ್ಯೆಗೆ ಒಪ್ಪಿಸಿ. ನಿಜವಾದ ಕೊಳಲಿನವರನ್ನು, ವಯಲಿನ್‌ನವರನ್ನು ಕರೆದು ರೆಕಾರ್ಡ್ ಮಾಡಲಿ, ಅವರಿಗೆ ಪೇಮೆಂಟ್ ಕೊಡುವ ಅಭ್ಯಾಸವೂ ಆಗಲಿ. ಅರ್ಧ ಹಣ ಮೊದಲೇ ಕೊಡಿ, ಉಳಿದರ್ಧ ಮಿಕ್ಸಿಂಗ್ ಮುಗಿದ ವಾರದೊಳಗೆ, ಫೋನ್ ಮಾಡಿಸಿಕೊಳ್ಳದೆ.