ಹಳದಿ ಡಬ್ಬಿ

ಭಾನುವಾರ ಅಕ್ಕನ ಮನೇಲಿ ಊಟ. ಊಟ ಮುಗಿಸಿ ಅಕ್ಕನ ಮಗನ ರೂಮಿಗೆ ನುಗ್ಗಿದೆ. (ನನ್ನ ಮದುವೇಲಿ ಆರ್ಕೆಸ್ಟ್ರಾದವರ ಮೈಕ್ ಕಿತ್ಕೊಂಡು ಹಾಡಿದ್ನಲ್ಲ, ಅದೇ ಪುಣ್ಯಾತ್ಮ. ಈಗ ಸೆಕೆಂಡ್ ಪಿಯುಸಿ, ಮೀಸೆ ಬಂದಿದೆ.) ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸೇಲ್ ನಡೀತಿತ್ತು. ಪಟ್ಟಿ ನೋಡ್ತಾ ನೋಡ್ತಾ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ಅನ್ನೋ ಗೇಮ್ ಕಣ್ಣಿಗೆ ಬಿತ್ತು. "ಇದನ್ನ ತಗೊಳೋ, ದುಡ್ಡು ನಾನು ಕೊಡ್ತೀನಿ. ಪುಣೆಯವರು ಮಾಡಿರೋದು" ಅಂದೆ. ಎರಡು ಮಸಾಲೆ ದೋಸೆ ದುಡ್ಡು ಅಷ್ಟೆ. ಅವನು ಆಟದ ಒಂದು ಚಿತ್ರಾನೂ ನೋಡ್ಲಿಲ್ಲ. ಇನ್ನೊಂದು ಟ್ಯಾಬ್ ತೆಗೆದ, ಹೆಸರು ಹೊಡೆದ, ಮೂರು ಸೆಕೆಂಡಲ್ಲಿ ತೀರ್ಪು ಬಂತು.

"ಹಳದಿ ಮಾಮ. ಬೇಡ ಬಿಡು."

ಹಳದಿ ಅಂತೆ! ನಮ್ಮಲ್ಲಿ ಅರಿಶಿನ ಹಚ್ಚದೆ ಹೊಸ ಸ್ಕೂಟರ್ ಕೂಡ ಮನೆ ಒಳಗೆ ಬರಲ್ಲ, ಇವನಿಗೆ ಹಳದಿ ಅಪಶಕುನ.

ಗೇಮ್ ಆಡದ ಪುಣ್ಯವಂತರಿಗೆ ಎರಡು ಮಾತು. ಮೆಟಾಕ್ರಿಟಿಕ್ ಅಂತ ಒಂದು ತಾಣ ಇದೆ, 2001ರಿಂದ. ಪ್ರಪಂಚದ ವಿಮರ್ಶಕರು ಕೊಟ್ಟ ಅಂಕಗಳನ್ನೆಲ್ಲ ಗುಡ್ಡೆ ಹಾಕಿ, ತನ್ನದೇ ತೂಕದ ಲೆಕ್ಕದಲ್ಲಿ ಸರಾಸರಿ ತೆಗೆದು, ಒಂದು ಬಣ್ಣದ ಡಬ್ಬಿಯೊಳಗೆ ಇಡುತ್ತೆ. 75 ಮುಟ್ಟಿದ್ರೆ ಹಸಿರು. 50ರಿಂದ 74 ಹಳದಿ. ಅದಕ್ಕಿಂತ ಕೆಳಗೆ ಕೆಂಪು. ಮಜಾ ಏನು ಅಂದ್ರೆ, ಅದೇ ತಾಣದಲ್ಲಿ ಸಿನಿಮಾಗೆ 61 ಬಂದ್ರೇನೇ ಹಸಿರು. ಅಂದ್ರೆ 65 ತಗೊಂಡ ಸಿನಿಮಾ ಜಾಣ, 65 ತಗೊಂಡ ಗೇಮು ದಡ್ಡ. ಒಂದೇ ಶಾಲೆ, ಎರಡು ಬೆಂಚು.

ಯಾಕೆ ಹೀಗೆ? ಗೇಮ್ ವಿಮರ್ಶೆಯಲ್ಲಿ ಹತ್ತಕ್ಕೆ ಏಳು ಅಂದ್ರೆ "ಪರವಾಗಿಲ್ಲ" ಅನ್ನೋದು ಯಾವತ್ತೋ ಗಟ್ಟಿಯಾಗಿಬಿಟ್ಟಿದೆ. ಐದು ಅಂದ್ರೆ ಸುಡುಗಾಡು. ಒಂದರಿಂದ ನಾಲ್ಕರವರೆಗಿನ ಅಂಕಗಳು ಮದುವೆ ಮನೆಯ ಬೆಳ್ಳಿ ಲೋಟದ ಹಾಗೆ, ಇವೆ, ಬಳಸಲ್ಲ. ನಾವು ಎಸ್ಸೆಸ್ಸೆಲ್ಸಿಯಲ್ಲಿ 70 ತಗೊಂಡಾಗ ಫಸ್ಟ್ ಕ್ಲಾಸ್ ಅಂತ ಅಪ್ಪ ಬೀದಿಗೆಲ್ಲ ಮೈಸೂರುಪಾಕ್ ಹಂಚಿದ್ರು ಸ್ವಾಮಿ. ಈಗ 70 ಅಂದ್ರೆ ಹಳದಿ. ಬೇಡ ಬಿಡು.

ಸರಿ, 'ರಾಜಿ'ಗೆ ಬರೋಣ. 2020ರಲ್ಲಿ ಬಂದದ್ದು. ನಾಡಿಂಗ್ ಹೆಡ್ಸ್ ಗೇಮ್ಸ್ ಅನ್ನೋ ಚಿಕ್ಕ ತಂಡ. 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರ ಹತ್ರ ದುಡ್ಡು ಕೇಳಿದ್ರು, ಗುರಿ ಮುಟ್ಟಲಿಲ್ಲ. ಆದ್ರೂ ಮುಗಿಸಿದ್ರು. ನಾನು ಇದನ್ನ ಹೊಗಳೋಕೆ ಕೂತಿಲ್ಲ, ಇದರ ಜಾತಕ ನನಗೆ ಚೆನ್ನಾಗಿ ಗೊತ್ತು. ಹೊಡೆದಾಟ ತಡವರಿಸುತ್ತೆ. ತ್ರಿಶೂಲ ಬೀಸಿದ್ರೆ ಏಟು ಬಿತ್ತೋ ಇಲ್ವೋ ಅನ್ನೋದು ಕೈಗೆ ಗೊತ್ತಾಗಲ್ಲ. ಕ್ಯಾಮೆರಾ ಎಷ್ಟೋ ಸಲ ಬೇಕಾದ್ದನ್ನ ಬಿಟ್ಟು ಬೇರೆ ಕಡೆ ನೋಡ್ತಾ ನಿಲ್ಲುತ್ತೆ. ಇಂಗ್ಲಿಷ್ ಸಂಭಾಷಣೆ ಶಾಲಾ ವಾರ್ಷಿಕೋತ್ಸವದ ನಾಟಕದ ಥರ. ಇನ್ನು ಕೊನೆ... ಕೊನೆ ಬಗ್ಗೆ ಬಾಯಿ ಬಿಡಲ್ಲ. ನಾಲ್ಕೈದು ಗಂಟೆಯಲ್ಲಿ ಆಟ ಮುಗಿಯುತ್ತೆ.

ಆದ್ರೆ ಅದೇ ಆಟದಲ್ಲಿ, ತಮ್ಮ ಗೋಲುವನ್ನ ರಾಕ್ಷಸರು ಎತ್ಕೊಂಡು ಹೋದ ಮೇಲೆ ರಾಜಿ ಅನ್ನೋ ಹುಡುಗಿ ಒಬ್ಬಳೇ ಕೋಟೆ ಗೋಡೆಗಳ ಮೇಲೆ ಓಡ್ತಾಳೆ. ಅವಳು ಕಾಣೋದು ಹೆಬ್ಬೆರಳಿನಷ್ಟು, ಸುತ್ತ ಅರಮನೆ, ಕೊಳ, ಜಾಲರಿ ಕಿಟಕಿ. ಗೋಡೆಯ ಮೇಲಿನ ಚಿತ್ರದ ಹತ್ರ ನಿಂತ್ರೆ ದುರ್ಗೆಯೂ ವಿಷ್ಣುವೂ ಅವಳನ್ನ ನೋಡ್ತಾ ತಮ್ಮತಮ್ಮಲ್ಲೇ ಮಾತಾಡ್ಕೋತಾರೆ, ಜಗುಲಿಯಲ್ಲಿ ಕೂತ ಮನೆ ಹಿರಿಯರ ಥರ. ಕಥೆಯ ನಡುವಿನ ದೃಶ್ಯಗಳು ಬಂದಾಗ ನಾನು ಕಂಟ್ರೋಲರ್ ಕೆಳಗಿಟ್ಟೆ. ತೊಗಲುಗೊಂಬೆ! ತೆರೆಯ ಹಿಂದೆ ದೀಪ, ತೂತು ಕೊರೆದ ಚರ್ಮದಿಂದ ಸೋರೋ ಬೆಳಕು, ಕೀಲು ಹಾಕಿದ ಕೈ. ಚಿಕ್ಕಂದಿನಲ್ಲಿ ಅಜ್ಜಿ ಊರಿನ ಜಾತ್ರೇಲಿ ನಿದ್ದೆಗಣ್ಣಲ್ಲಿ ನೋಡಿದ್ದು, ಮೂವತ್ತು ವರ್ಷ ಆದಮೇಲೆ ಗೇಮ್ ಒಳಗೆ ಎದ್ದು ಬಂತು. ಅದನ್ನ ಯಾವ ಕಾಲಂನಲ್ಲಿ ಸೇರಿಸ್ತೀರಿ? ಗ್ರಾಫಿಕ್ಸ್ 8, ಹೊಡೆದಾಟ 5, ಜಾತ್ರೆ ನೆನಪು ಎಷ್ಟು? ಕೂಡಿಸಿ, ಭಾಗಿಸಿ, ಹಳದಿ.

ಇದು ಬರೀ ನಮ್ಮವರ ಮೇಲಿನ ಮಮಕಾರ ಅಂತ ಕೆಲವರು ಕಾಮೆಂಟ್ ಹಾಕೋಕೆ ಕೈ ಉಜ್ಜಿಕೊಳ್ತಿರೋದು ಇಲ್ಲಿಂದಲೇ ಕಾಣ್ತಿದೆ. ಹಾಗಾದ್ರೆ ಪುಣೆ ಬಿಟ್ಟು ಅಮೆರಿಕಕ್ಕೆ ಹೋಗೋಣ. 2010, 'ಫಾಲ್‌ಔಟ್: ನ್ಯೂ ವೇಗಸ್'. ಅಬ್ಸಿಡಿಯನ್ ಕಂಪನಿಯವರು ಸುಮಾರು ಒಂದೂವರೆ ವರ್ಷದಲ್ಲಿ ಅಷ್ಟು ದೊಡ್ಡ ಆಟ ಕಟ್ಟಿದ್ರು. ಬಂದ ದಿನ ಬಗ್‌ಗಳ (ಪ್ರೋಗ್ರಾಮ್ ದೋಷಗಳ) ಸಂತೆ, ನಿಜ. ಮೆಟಾಕ್ರಿಟಿಕ್‌ನಲ್ಲಿ 85 ಬಂದ್ರೆ ಬೋನಸ್ ಅಂತ ಪ್ರಕಾಶಕರ ಜೊತೆ ಒಪ್ಪಂದ ಇತ್ತು. ಬಂದದ್ದು 84. ಇದನ್ನ 2012ರಲ್ಲಿ ಹೊರಗೆ ಹೇಳಿದ್ದು ಆ ಆಟದ ಹಿರಿಯ ವಿನ್ಯಾಸಕರಲ್ಲಿ ಒಬ್ಬರಾದ ಕ್ರಿಸ್ ಅವೆಲೋನ್, ಅದೂ ಕಂಪನಿ ಒಂದಷ್ಟು ಜನರನ್ನ ಕೆಲಸದಿಂದ ತೆಗೆದ ಸಮಯದಲ್ಲೇ. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಡಿಸ್ಟಿಂಕ್ಷನ್ ಗೆರೆ 85 ಪರ್ಸೆಂಟೇ. ಅಲ್ಲಿ ಒಂದು ಅಂಕ ಕಮ್ಮಿ ಆದ್ರೆ ರೀವ್ಯಾಲ್ಯುಯೇಷನ್‌ಗೆ ಹಾಕಬಹುದು. ಇಲ್ಲಿ ಅದೂ ಇಲ್ಲ. ವಿಮರ್ಶಕ ಆಮೇಲೆ ಮನಸ್ಸು ಬದಲಾಯಿಸಿ ಅಂಕ ತಿದ್ದಿದ್ರೂ ಮೆಟಾಕ್ರಿಟಿಕ್ ಮೊದಲು ಬಂದ ಅಂಕವನ್ನೇ ಇಟ್ಕೊಳ್ಳುತ್ತೆ. 'ನೋ ಮ್ಯಾನ್ಸ್ ಸ್ಕೈ' 2016ರಲ್ಲಿ ಬಂದಾಗ ಜನ ಬೈದ ಬೈಗುಳ ನೆನಪಿದೆಯಲ್ಲ? ಆಮೇಲೆ ವರ್ಷಗಟ್ಟಲೆ ಬಿಟ್ಟಿ ಅಪ್‌ಡೇಟ್ ಕೊಟ್ಟು ಕೊಟ್ಟು ಬೇರೆ ಆಟವನ್ನೇ ಮಾಡಿದ್ರು. ಹಳೇ ಡಬ್ಬಿ ಹಳದಿಯಾಗೇ ಕೂತಿದೆ.

ಇನ್ನೊಂದು, ನನ್ನ ಪ್ರಾಣಕ್ಕೆ ಹತ್ತಿರದ್ದು. 'ಡೆಡ್ಲಿ ಪ್ರಿಮೊನಿಷನ್', ಇದೂ 2010ರದ್ದೇ. ಸ್ವೇರಿ ಅಂತ ಕರೆಸಿಕೊಳ್ಳೋ ಜಪಾನಿ ನಿರ್ದೇಶಕನ ಕೆಲಸ. ಐಜಿಎನ್ ಅನ್ನೋ ವಿಮರ್ಶೆ ತಾಣ ಹತ್ತಕ್ಕೆ ಎರಡು ಕೊಟ್ಟಿತು. ಡಿಸ್ಟ್ರಕ್ಟಾಯ್ಡ್ ಅನ್ನೋ ಇನ್ನೊಂದು ತಾಣ ಹತ್ತಕ್ಕೆ ಹತ್ತು ಕೊಟ್ಟಿತು. ವಿಮರ್ಶಕರನ್ನ ಎರಡು ಹೋಳು ಮಾಡಿದ್ದಕ್ಕೆ ಗಿನ್ನೆಸ್‌ನವರು ದಾಖಲೆ ಅಂತ ಬರೆದುಕೊಂಡರು. ನಾನು ಆಡಿದೀನಿ, ಎರಡು ಸಲ. ಕಾರು ಓಡಿಸೋದು ಕೆಸರಲ್ಲಿ ಎತ್ತಿನಗಾಡಿ ಎಳೆದ ಹಾಗೆ. ಮ್ಯಾಪ್ ನೋಡಿ ದಾರಿ ಹುಡುಕೋಕಿಂತ ಯಾರನ್ನಾದ್ರೂ ಕೇಳೋದು ವಾಸಿ. ಗುಂಡು ಹಾರಿಸೋದು ಆಕಳಿಕೆ ಬರಿಸುತ್ತೆ. ಆದ್ರೆ ಯಾರ್ಕ್ ಅನ್ನೋ ಆ ಎಫ್‌ಬಿಐ ಅಧಿಕಾರಿ ಕಾರಲ್ಲಿ ಒಬ್ಬನೇ ಕೂತು, ಯಾರಿಗೂ ಕಾಣದ ಜ್ಯಾಕ್ ಅನ್ನೋನ ಜೊತೆ ಹಳೇ ಸಿನಿಮಾಗಳ ಬಗ್ಗೆ ಹರಟ್ತಾನೆ. ಶೇವ್ ಮಾಡದಿದ್ರೆ ಅವನಿಗೆ ಗಡ್ಡ ಬೆಳೆಯುತ್ತೆ, ಸೂಟು ಒಗೆಸದಿದ್ರೆ ಮೈಮೇಲೆ ನೊಣ ಹಾರ್ತವೆ. ಆ ಊರಿನವರು ನೀವು ನೋಡಿದ್ರೂ ನೋಡದಿದ್ರೂ ತಮ್ಮ ಪಾಡಿಗೆ ತಾವು ಅಂಗಡಿ ತೆಗೆದು, ಊಟ ಮಾಡಿ, ಮನೆಗೆ ಹೋಗಿ ಮಲಗ್ತಾರೆ. ಅಲ್ಲೊಬ್ಬ ಮುಖಕ್ಕೆ ಗ್ಯಾಸ್ ಮಾಸ್ಕ್ ಹಾಕ್ಕೊಂಡ ಶ್ರೀಮಂತ ಇದ್ದಾನೆ, ಹೋಟೆಲಲ್ಲಿ ಟರ್ಕಿ ಕೋಳಿ ಮಾಂಸ, ಸ್ಟ್ರಾಬೆರಿ ಜಾಮ್, ಕಾರ್ನ್‌ಫ್ಲೇಕ್ಸ್ ಥರದ ಸೀರಿಯಲ್ ಮೂರನ್ನೂ ಬ್ರೆಡ್ ನಡುವೆ ತುಂಬಿಸಿ ತರಿಸ್ಕೋತಾನೆ. ಯಾರ್ಕ್ ಮುಖ ಕಿವುಚಿ, ಆಮೇಲೆ ಒಂದು ತುತ್ತು ತಿಂದು, ಅದ್ಭುತ ಅಂತಾನೆ. ಆಟಾನೂ ಥೇಟ್ ಆ ಸ್ಯಾಂಡ್‌ವಿಚ್ಚೇ.

ಎರಡು ಕೊಟ್ಟವನು ಹೇಳಿದ್ದೂ ನಿಜ. ಹತ್ತು ಕೊಟ್ಟವನು ಹೇಳಿದ್ದೂ ನಿಜ. ಎರಡನ್ನೂ ಕೂಡಿಸಿ, ಭಾಗಿಸಿ ಆರು ಅಂದ್ರೆ, ಅದೊಂದು ಸುಳ್ಳು. ಆರು ಅಂತ ಅನ್ನಿಸಿದ ಮನುಷ್ಯ ಈ ಭೂಮಿ ಮೇಲೆ ಇದ್ದಂತಿಲ್ಲ.

ಈಗ ನಮ್ಮ ಗೆಳೆಯರ ಮಾಮೂಲಿ ತಕರಾರು. "ಗುರು, ನಮಗೆ ಟೈಮ್ ಎಲ್ಲಿದೆ? ಪ್ಲೇಸ್ಟೇಷನ್ 5ರ ಒಂದು ಹೊಸ ಗೇಮ್‌ಗೆ ಸುಮಾರು ಐದು ಸಾವಿರ ರೂಪಾಯಿ. ಮೂರು ಪುಟ ವಿಮರ್ಶೆ ಓದ್ತಾ ಕೂರೋಕಾಗುತ್ತಾ? ನಂಬರ್ ಇದ್ರೆ ಸಲೀಸು." ಒಪ್ಪಿದೆ. ಐದು ಸಾವಿರ ಹುಡುಗಾಟ ಅಲ್ಲ, ನಾನೂ ಇಎಂಐ ಕಟ್ಟೋನೇ. ಆದ್ರೆ ಈ ಮಾತು ಹೇಳೋ ಮಹಾಶಯನೇ 2020ರ ಡಿಸೆಂಬರ್‌ನಲ್ಲಿ ತೊಂಬತ್ತರ ಆಸುಪಾಸಿನ ಹಸಿರು ಡಬ್ಬಿ ನೋಡಿ 'ಸೈಬರ್‌ಪಂಕ್ 2077' ತಗೊಂಡಿದ್ದ, ಅದೂ ಹಳೇ ಪ್ಲೇಸ್ಟೇಷನ್ 4ಗೆ. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಕೊಟ್ಟಿದ್ದು ಪಿಸಿ ಆವೃತ್ತಿ ಮಾತ್ರ. ಇವನ ಮನೇಲಿ ಆಟ ಉಸಿರು ಕಟ್ಟಿ ಉಸಿರು ಕಟ್ಟಿ ಓಡ್ತಿತ್ತು, ಮನುಷ್ಯರ ಮುಖ ಬರೋಕೆ ಮುಂಚೆ ಬಟ್ಟೆ ಬರ್ತಿತ್ತು. ಪ್ಲೇಸ್ಟೇಷನ್ ಮಾಡೋ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ಅದನ್ನ ತೆಗೆದುಹಾಕ್ತು, ವಾಪಸ್ ಬಂದದ್ದು ಆರು ತಿಂಗಳಾದ ಮೇಲೆ. ಹಸಿರು ಡಬ್ಬಿ ಅವತ್ತು ಯಾರ ದುಡ್ಡು ಉಳಿಸ್ತು? (ಹೆಸರು ಹಾಕಲ್ಲ ಮಾರಾಯ. ಲೈಕ್ ಒತ್ತಿ ಸುಮ್ಮನಿರು.)

ಬೇಗ ಬೇಕು ಅಂದ್ರೆ ನಂಬರ್ ಬಿಟ್ಟು ಎರಡು ಸಾಲು ಸಾಕು. "ಹೊಡೆದಾಟ ಸಪ್ಪೆ, ಕಣ್ಣಿಗೆ ಹಬ್ಬ, ಕೊನೆ ಅರ್ಧಕ್ಕೇ ಬಿಟ್ಟಿದ್ದಾರೆ." ಇಷ್ಟು ಓದೋಕೆ ಎಷ್ಟು ಹೊತ್ತು ಬೇಕು? ಮೂರು ಸೆಕೆಂಡ್. ಬ್ರಿಟನ್ನಿನ 'ಎಡ್ಜ್' ಪತ್ರಿಕೆ 1994ರಲ್ಲಿ ರಾಕ್ಷಸರಿಗೆ ಗುಂಡು ಹೊಡೆಯೋ 'ಡೂಮ್' ಆಟಕ್ಕೆ ಏಳು ಕೊಟ್ಟಿತ್ತು, ಆ ರಾಕ್ಷಸರ ಜೊತೆ ಮಾತಾಡೋ ಹಾಗಿದ್ದಿದ್ರೆ ಅಂತ ಹಲುಬಿತ್ತು. ಮೂವತ್ತು ವರ್ಷದಿಂದ ಜನ ಆ ಸಾಲನ್ನ ಹೇಳ್ಕೊಂಡು ನಗ್ತಾನೇ ಇದ್ದಾರೆ. ನಗಲಿ, ಆ ಸಾಲು ನೆನಪಲ್ಲಾದ್ರೂ ಉಳೀತು. ಒಬ್ಬ ಮನುಷ್ಯ ಆಡಿದ್ದ, ಅವನಿಗೆ ಏನೋ ಬೇಕಾಗಿತ್ತು ಅಂತ ಅದರಿಂದ ಗೊತ್ತಾಗುತ್ತೆ.

ನನ್ನ ಹೊಟ್ಟೆಪಾಡು ಬಗ್ ಹುಡುಕೋದು ಅಂತ ನಿಮಗೆಲ್ಲ ಗೊತ್ತಿದೆ. ಹದಿನಾಲ್ಕು ವರ್ಷದಿಂದ ಟೆಸ್ಟಿಂಗ್. ನಾನು ಯಾವತ್ತಾದ್ರೂ ಡೆವಲಪರ್‌ಗೆ "ನಿನ್ನ ಕೋಡ್ ಹತ್ತಕ್ಕೆ ಆರೂವರೆ" ಅಂತ ಬರೆದು ಕಳಿಸಿದ್ರೆ ಅವನು ಚಪ್ಪಲಿ ತಗೊಂಡು ಬರ್ತಾನೆ. ಯಾವ ಪುಟ, ಯಾವ ಬಟನ್, ಏನು ಒತ್ತಿದಾಗ ಏನಾಯ್ತು, ಮತ್ತೆ ಆಗುತ್ತಾ, ಎಲ್ಲ ಬರೀಬೇಕು. ಅದಕ್ಕೇ ನನಗೆ ಈ ಡಬ್ಬಿ ಕಂಡ್ರೆ ಮೈ ಉರಿಯೋದು.

ಹ್ಞಾಂ, ಸುಳ್ಳು. ಅದಕ್ಕೊಂದಕ್ಕೇ ಅಲ್ಲ. ಹೋದ ತಿಂಗಳು ಅಪ್ರೈಸಲ್ ಆಯ್ತು. ಎರಡು ರಾತ್ರಿ ಕೂತು, ವರ್ಷ ಪೂರ್ತಿ ಏನು ಮಾಡಿದೆ ಅಂತ ನಾಲ್ಕು ಪುಟ ಬರೆದಿದ್ದೆ. ಮ್ಯಾನೇಜರ್ ಹತ್ತು ನಿಮಿಷದ ಕಾಲ್‌ನಲ್ಲಿ "ಐದಕ್ಕೆ ಮೂರು, ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್" ಅಂದ್ರು. ನಾಲ್ಕು ಪುಟದಲ್ಲಿ ಒಂದನ್ನಾದ್ರೂ ಓದಿದ್ರಾ ಅಂತ ಕೇಳಬೇಕು ಅನ್ನಿಸ್ತು. ಕೇಳಲಿಲ್ಲ, ಥ್ಯಾಂಕ್ಯೂ ಅಂದೆ. ನಾನೂ ಹಳದಿ ಡಬ್ಬಿಯೇ ಕಣ್ರೀ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಅಂತ ನೀವು ಅನ್ನಬಹುದು, ಅನ್ನಿ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಕಕ್ಕಿಬಿಡ್ತೀನಿ. ಕಾಲೇಜು ಮುಗಿಸಿ ಕೆಲಸ ಇಲ್ಲದೆ ಅಲೀತಿದ್ದಾಗ ಒಂದು ತಾಣಕ್ಕೆ ಗೇಮ್ ವಿಮರ್ಶೆ ಬರೀತಿದ್ದೆ, ಒಂದಕ್ಕೆ 300 ರೂಪಾಯಿ. ಒಂದು ಆಟ, ಹೆಸರು ಬೇಡ, ಎರಡೂವರೆ ಗಂಟೆ ಆಡಿ ಐದು ಕೊಟ್ಟೆ. ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಕೊಡಬೇಕಿತ್ತು. ನಾಲ್ಕೈದು ವರ್ಷ ಆದಮೇಲೆ ಜ್ವರ ಬಂದು ಮನೇಲಿ ಮಲಗಿದ್ದಾಗ ಅದನ್ನೇ ಮತ್ತೆ ಹಾಕಿದೆ. ಮೂರನೇ ಗಂಟೆಯಲ್ಲಿ ಆಟ ಬಿಚ್ಚಿಕೊಳ್ತು. ನಾನು ನಿಲ್ಲಿಸಿದ ಜಾಗದಿಂದ ಬರೀ ಅರ್ಧ ಗಂಟೆ ಮುಂದೆ. ಮೆಟಾಕ್ರಿಟಿಕ್‌ನವರ ಸರಾಸರಿಯಲ್ಲಿ ನನ್ನ ಆ ಐದೂ ಎಲ್ಲೋ ಸೇರ್ಕೊಂಡಿರಬಹುದು ಅಂತ ನೆನೆಸಿಕೊಂಡ್ರೆ ಈಗಲೂ ಕಸಿವಿಸಿ. ನನ್ನ ಥರದವರು ಎಷ್ಟು ಜನ ಎಷ್ಟು ಅವಸರದಲ್ಲಿ ಕೊಟ್ಟ ಅಂಕಗಳೋ ಅವೆಲ್ಲ.

ಭಾನುವಾರ ಇದ್ಯಾವುದನ್ನೂ ಅಕ್ಕನ ಮಗನಿಗೆ ಹೇಳಲಿಲ್ಲ. ಆ ವಯಸ್ಸಲ್ಲಿ ಮಾಮ ಭಾಷಣ ಶುರು ಮಾಡಿದ್ರೆ ಹೆಡ್‌ಫೋನ್ ಕಿವಿಗೇರುತ್ತೆ. ಸುಮ್ಮನೆ ನನ್ನ ಅಕೌಂಟಿಂದ ಗಿಫ್ಟ್ ಕಳಿಸಿ ಎದ್ದು ಬಂದೆ. ಪರೀಕ್ಷೆ ಹತ್ರ ಬಂದಿರುವಾಗ ಆಟ ಕೊಡಿಸ್ತೀಯೇನೋ ಅಂತ ಅಕ್ಕ ಬೈದಳು. ಅವಳು ಬೈದದ್ದರಲ್ಲಿ ತಪ್ಪಿಲ್ಲ.

ಎಡಿಟ್, ರಾತ್ರಿ 11:40: ಈಗ ತಾನೇ ಅವನ ಮೆಸೇಜ್ ಬಂತು. "ಮಾಮ ಏನಿದು, ಇಲ್ಲಿಗೇ ಮುಗೀತಾ??? ತಮ್ಮನ ಕಥೆ ಏನು?" ಹಿಂದೆಯೇ ಎರಡು ನಿಮಿಷದ ವಾಯ್ಸ್ ನೋಟ್, ಪೂರ್ತಿ ಬೈಗುಳ. ಕ್ಯಾಮೆರಾಗೆ ಬೈದಿದಾನೆ, ತ್ರಿಶೂಲಕ್ಕೆ ಬೈದಿದಾನೆ, ಪುಣೆಯವರಿಗೆ ಬೈದಿದಾನೆ, ನನಗೂ ಬೈದಿದಾನೆ. ಕೊನೆಗೆ, "ಆ ಗೊಂಬೆ ಆಟ ನಿಜವಾಗ್ಲೂ ಎಲ್ಲಾದ್ರೂ ಆಡ್ತಾರಾ?" ಅಂತ ಕೇಳಿದಾನೆ. ಎಷ್ಟು ಅಂಕ ಕೊಡ್ತೀಯೋ ಅಂತ ಟೈಪ್ ಮಾಡಿದ್ದೆ, ಅಳಿಸಿದೆ. ಬೇಸಿಗೆ ರಜೆಗೆ ಅಜ್ಜಿ ಊರಿಗೆ ಹೋಗೋಣ ಅಂತ ಕಳಿಸಿದೀನಿ.