ಹಣ ಕೊಟ್ಟವರಿಗೇ ಏಕೆ ಈ ಬೀಗ?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಪುಸ್ತಕವನ್ನು ಓದಿ ಮುಗಿಸಿ ತಂಗಿಗೆ ಕೊಡುತ್ತೇನೆ, ಆಳಂದದ ಗೆಳೆಯ ಕೇಳಿದರೆ ಕಳಿಸುತ್ತೇನೆ, ಬೇಡವೆನಿಸಿದರೆ ಅರ್ಧ ಬೆಲೆಗೆ ಮಾರುತ್ತೇನೆ. ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ಪುಸ್ತಕದ ಇ-ಪ್ರತಿಗೆ ಹಣ ತೆತ್ತರೆ ಇವುಗಳಲ್ಲಿ ಒಂದನ್ನೂ ಮಾಡುವಂತಿಲ್ಲ. ಮಾರಿದವರ ಆ್ಯಪ್‌ನಲ್ಲಿ, ಅವರು ಒಪ್ಪಿದ ಸಾಧನದಲ್ಲಿ, ಅವರ ಅಂಗಡಿ ನಡೆಯುವಷ್ಟು ದಿನ ಮಾತ್ರ ಓದಬೇಕು. ನಕಲು ತಡೆಯಲೆಂದು ಇ-ಪುಸ್ತಕಕ್ಕೆ ಹಾಕುವ ಈ ತಾಂತ್ರಿಕ ಬೀಗ ಅನ್ಯಾಯ ಎಂದೇ ನಾನು ಹೇಳುತ್ತೇನೆ.

2009ರಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರು ಎಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್ಲರ ‘1984’ ಕಾದಂಬರಿಯನ್ನು ಓದುಗರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನಗಳೊಳಗಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಜೊತೆಗೇ ಹೋದವು. ಎರಡೂ ಸಲ ಹಣ ಮರಳಿಸಿದರು, ನಿಜ. ಆದರೆ ಹಣ ಹಿಂದಕ್ಕೆ ಕೊಟ್ಟ ಮಾತ್ರಕ್ಕೆ ನನ್ನ ಕಪಾಟಿನಿಂದ ಪುಸ್ತಕ ಎತ್ತಿಕೊಂಡು ಹೋಗಲು ಯಾವ ಅಂಗಡಿಯವನನ್ನಾದರೂ ಬಿಡುತ್ತೇವೆಯೇ?

ನನಗೆ ಹೆಚ್ಚು ಸಂಕಟವಾಗುವುದು ಬೇರೆ ಕಾರಣಕ್ಕೆ. ನಮ್ಮೂರಿನಲ್ಲಿ ಉಪನ್ಯಾಸಕಿಯಾಗಿರುವ ನನ್ನ ಗೆಳತಿಗೆ ಕಣ್ಣು ಕಾಣುವುದಿಲ್ಲ. ಮೊಬೈಲ್‌ನ ಸ್ಕ್ರೀನ್ ರೀಡರ್ ಕನ್ನಡವನ್ನು ಸ್ಪಷ್ಟವಾಗಿ ಓದಿ ಹೇಳುತ್ತದೆ. ದಿನಪತ್ರಿಕೆಯನ್ನೂ ಕಚೇರಿಯ ಸುತ್ತೋಲೆಗಳನ್ನೂ ಅವರು ಹಾಗೆಯೇ ಕೇಳುತ್ತಾರೆ. ಒಂದು ಆ್ಯಪ್‌ನಲ್ಲಿ ಪೂರ್ತಿ ಬೆಲೆ ಕೊಟ್ಟು ಕಥಾಸಂಕಲನವೊಂದನ್ನು ಕೊಂಡರು. ನಕಲು ತಡೆಯಲೆಂದು ಅಲ್ಲಿ ಪ್ರತಿ ಪುಟವನ್ನೂ ಚಿತ್ರವಾಗಿ ಇಟ್ಟಿದ್ದರು. ಧ್ವನಿ ‘ಚಿತ್ರ’ ಎಂದು ಸುಮ್ಮನಾಯಿತು. ಪುಟ ಸರಿಸಿದರು, ಮತ್ತೆ ‘ಚಿತ್ರ’. ಪಕ್ಕದಲ್ಲಿ ಕುಳಿತಿದ್ದ ನನಗೆ ಅಕ್ಷರಗಳೆಲ್ಲ ಕಾಣುತ್ತಿದ್ದವು.

ಕಾನೂನು ಅವರ ಪರವಾಗಿಯೇ ಇದೆ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆ, ಅಂಗವಿಕಲರು ಓದಬಲ್ಲ ರೂಪಕ್ಕೆ ಕೃತಿಯನ್ನು ಮಾರ್ಪಡಿಸಲು ಅವಕಾಶ ಕೊಟ್ಟಿದೆ. ಅಂಧ ಓದುಗರಿಗಾಗಿ ರೂಪುಗೊಂಡ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಸೆರೆವಾಸ ಎನ್ನುವ ಅದೇ ಕಾಯ್ದೆಯ 65ಎ ಕಲಮು ಕೂಡ ಹಕ್ಕು ಉಲ್ಲಂಘಿಸುವ ಉದ್ದೇಶವಿರಬೇಕು ಎನ್ನುತ್ತದೆ. ಆದರೆ ಹಾಗೆ ಮಾರ್ಪಡಿಸಿಕೊಡುವ ತಂತ್ರಜ್ಞರನ್ನು ಗೆಳತಿ ಎಲ್ಲಿಂದ ಹುಡುಕಿ ತರಬೇಕು? ಹಣ ಕೊಟ್ಟು ಕೊಂಡವರು ಅದಕ್ಕಾಗಿ ಏಕೆ ಅಲೆಯಬೇಕು?

ಲೇಖಕರ ಹೊಟ್ಟೆಯ ಮೇಲೆ ಹೊಡೆಯುವ ಕಳ್ಳಪ್ರತಿಗಳನ್ನು ನಾನು ಒಪ್ಪುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ಪಿಡಿಎಫ್‌ಗಳನ್ನು ನೋಡಿದಾಗ ಸಿಟ್ಟು ಬರುತ್ತದೆ. ಆದರೆ ಮುದ್ರಿತ ಪ್ರತಿಯನ್ನು ಯಾರೋ ಒಬ್ಬರು ಸ್ಕ್ಯಾನ್ ಮಾಡಿದರೆ ಮುಗಿಯಿತು, ಆ ಪಿಡಿಎಫ್‌ಗೆ ಯಾವ ಬೀಗವೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಕದ್ದವರು ಆರಾಮಾಗಿ ಓದುತ್ತಾರೆ, ಕೊಂಡವರು ತಡಕಾಡುತ್ತಾರೆ.

ಬೇರೆ ದಾರಿ ಇದೆ. ಅಮೆರಿಕದ ಟಾರ್ ಪ್ರಕಾಶನ 2012ರಿಂದ ಬೀಗವಿಲ್ಲದೆಯೇ ಇ-ಪುಸ್ತಕ ಮಾರುತ್ತಿದೆ. ಕಡತದೊಳಗೆ ಕೊಂಡವರ ಹೆಸರನ್ನು ಅಚ್ಚೊತ್ತಿ ಕೊಡುವ ಪದ್ಧತಿಯೂ ಇದೆ. ತನ್ನ ಹೆಸರಿರುವ ಪ್ರತಿಯನ್ನು ಊರಿಗೆಲ್ಲ ಹಂಚಲು ಯಾರಾದರೂ ಹಿಂಜರಿಯುತ್ತಾರೆ. ಕನ್ನಡದ ಪ್ರಕಾಶಕರಲ್ಲಿ ನನ್ನ ಬೇಡಿಕೆ ಇಷ್ಟೇ: ಪುಟವನ್ನು ಚಿತ್ರ ಮಾಡಬೇಡಿ. ಸ್ಕ್ರೀನ್ ರೀಡರ್ ಓದಬಲ್ಲ ಯೂನಿಕೋಡ್ ಅಕ್ಷರಗಳಿರುವ, ಇಪಬ್ ಎಂಬ ಇ-ಪುಸ್ತಕ ರೂಪದ ಕಡತ ಕೊಡಿ, ಬೇಕಿದ್ದರೆ ಪ್ರತಿ ಪುಟದ ಕೆಳಗೂ ನನ್ನ ಹೆಸರು ಹಾಕಿ. ಮುದ್ರಿತ ಪುಸ್ತಕದಷ್ಟೇ ಬೆಲೆ ಇಟ್ಟರೂ ಎರಡು ಪ್ರತಿ ಕೊಳ್ಳುತ್ತೇನೆ, ಒಂದು ನನಗೆ, ಒಂದು ಗೆಳತಿಗೆ.